ಖಂಭಾತ್ ಕೆಸರಿನಲ್ಲಿ ಬೈಪಾಸ್ ಮಾಡದೆ ಬ್ಯಾಲಸ್ಟ್: ನನ್ನ ಅನುಭವ

ಸೂರತ್ ಹತ್ತಿರ ಹಡಗುಗಳು ಲಂಗರು ಹಾಕುವ ಮಗ್ದಲ್ಲಾ ಆಂಕರೇಜ್‌ನಲ್ಲಿ ಒಂದು ಸಲವೂ ಬೈಪಾಸ್ ಮಾಡದೆ, ಅಂದರೆ ನೀರು ಶುದ್ಧ ಮಾಡುವ ಸಿಸ್ಟಮ್ ತಪ್ಪಿಸದೆ, ಬ್ಯಾಲಸ್ಟ್ (ಖಾಲಿ ಹಡಗಿನ ಸಮತೋಲಕ್ಕೆ ಟ್ಯಾಂಕಿಗೆ ಎಳೆಯುವ ಸಮುದ್ರದ ನೀರು) ತುಂಬಿಸಿದೆ ಅಂದರೆ ಹಡಗಿನವರು ನಗುತ್ತಾರೆ. ನಮ್ಮ ಬಡಾ ಸಾಬ್ (ಚೀಫ್ ಇಂಜಿನಿಯರ್) ಕೂಡ ನಕ್ಕಿದ್ದರು. "ಚಹಾ ಸೋಸುವ ಜರಡಿಯಲ್ಲಿ ಸಿಮೆಂಟ್ ಸೋಸೋಕೆ ಹೊರಟಿದ್ದೀಯಾ?" ಅಂದಿದ್ದರು. ಈಗ ಎರಡು ವಾಯೇಜ್ ಸತತವಾಗಿ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೆಕೆಂಡ್ ಇಂಜಿನಿಯರ್, ಊರು ಕುಂದಾಪುರದ ಹತ್ತಿರ. ಹಡಗು ಸುಪ್ರಾಮ್ಯಾಕ್ಸ್ (ಕಲ್ಲಿದ್ದಲಿನಂಥ ಬಿಡಿ ಸರಕು ಸಾಗಿಸುವ ಮಧ್ಯಮ ಗಾತ್ರದ ಹಡಗು), ನಾಲ್ಕು ಕ್ರೇನ್. ಬ್ಯಾಲಸ್ಟ್ ನೀರಿನ ಜೀವಿಗಳು ಇನ್ನೊಂದು ಬಂದರಿಗೆ ಹೋಗದ ಹಾಗೆ ತಡೆಯುವ ಸಿಸ್ಟಮ್ ನಮ್ಮದು 40 ಮೈಕ್ರಾನ್ ಫಿಲ್ಟರ್ ಮತ್ತು ಯುವಿ (ಅತಿನೇರಳೆ ಬೆಳಕು). ಕಲ್ಲಿದ್ದಲು ತಂದು ನಮ್ಮದೇ ಕ್ರೇನ್‌ನಲ್ಲಿ ಬಾರ್ಜ್‌ಗೆ ಇಳಿಸುವ ಕೆಲಸ, ಏಳೆಂಟು ದಿನ ಹಿಡಿಯುತ್ತದೆ. ಇಳಿಸಿದ ಹಾಗೆಲ್ಲ ಬ್ಯಾಲಸ್ಟ್ ತುಂಬಬೇಕು, ಒಟ್ಟು ಹದಿನಾರು ಹದಿನೇಳು ಸಾವಿರ ಘನ ಮೀಟರ್.

ನೀರು ಹೇಗಿರುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಆಷಾಢದಲ್ಲಿ ನೇತ್ರಾವತಿ ನೋಡಿದ್ದೀರಲ್ಲ, ಅದನ್ನು ಇನ್ನೊಂದು ಸ್ವಲ್ಪ ಗಟ್ಟಿ ಮಾಡಿ. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಭಾವನಗರದ ಕಡೆ ಹತ್ತು ಮೀಟರ್ ದಾಟುತ್ತದೆ. ನಮ್ಮ ಮಂಗಳೂರಲ್ಲಿ ಒಂದೂವರೆ ಮೀಟರ್ ಇದ್ದರೆ ಜಾಸ್ತಿ. ಆ ಸೆಳೆತಕ್ಕೆ ತಳದ ಕೆಸರೆಲ್ಲ ಮೇಲೆದ್ದು ತಿರುಗುತ್ತಾ ಇರುತ್ತದೆ.

ಮೊದಲ ಸಲ ಪಂಪ್ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಫಿಲ್ಟರ್ ಡಿಫರೆನ್ಷಿಯಲ್ ಪ್ರೆಷರ್ (ಎರಡು ಬದಿಯ ಒತ್ತಡದ ವ್ಯತ್ಯಾಸ) ಏರಿತು. ಬ್ಯಾಕ್‌ವಾಶ್ (ಫಿಲ್ಟರ್ ತನ್ನನ್ನು ತಾನೇ ಹಿಮ್ಮುಖವಾಗಿ ತೊಳೆದುಕೊಳ್ಳುವುದು) ಶುರುವಾಯಿತು, ನಿಲ್ಲಲೇ ಇಲ್ಲ. ಗಂಟೆಗೆ ಎಂಟುನೂರು ಘನ ಮೀಟರ್ ಬರಬೇಕಾದ್ದು ನೂರೈವತ್ತಕ್ಕೆ ಇಳಿಯಿತು. ಆಮೇಲೆ ಯುವಿ ಇಂಟೆನ್ಸಿಟಿ ಲೋ ಅಲಾರ್ಮ್, ಸಿಸ್ಟಮ್ ಟ್ರಿಪ್ ಆಗಿ ನಿಂತಿತು. ಚೀಫ್ ಆಫೀಸರ್ ಮೇಲಿಂದ ಕೂಗುತ್ತಿದ್ದಾನೆ, ಹಡಗು ವಾಲುತ್ತಿದೆ, ಕ್ರೇನ್ ನಿಲ್ಲಿಸಬೇಕಾಗುತ್ತದೆ ಅಂತ. ಬೈಪಾಸ್ ಮಾಡಿದೆವು. ಬೈಪಾಸ್ ಅಂದರೆ ಲಾಗ್ ಎಂಟ್ರಿ, ಆಫೀಸಿಗೆ ಮೇಲ್, ಮುಂದಿನ ಬಂದರಿಗೆ ವಿವರಣೆ, ದಡದಿಂದ 200 ಮೈಲಿ ಆಚೆ 200 ಮೀಟರ್ ಆಳದ ಕಡಲಲ್ಲಿ ಟ್ಯಾಂಕಿನ ನೀರು ಬದಲಿಸಿ ಮತ್ತೆ ಟ್ರೀಟ್ ಮಾಡಿ ತುಂಬುವುದು. 2024ರ ಸೆಪ್ಟೆಂಬರ್ 8ರಿಂದ ಎಲ್ಲರಿಗೂ ಡಿ-2 (ಹೊರಬಿಡುವ ಬ್ಯಾಲಸ್ಟ್ ನೀರಲ್ಲಿ ಎಷ್ಟು ಜೀವಿಗಳಿರಬಹುದು ಅನ್ನುವ ಅಂತರರಾಷ್ಟ್ರೀಯ ಮಿತಿ) ಬಂದ ಮೇಲೆ ಬೈಪಾಸ್ ಅಂದರೆ ತಲೆನೋವೇ.

ಆಫೀಸಿನವರು ಹೊಸ ಫಿಲ್ಟರ್ ಎಲಿಮೆಂಟ್ ಕಳಿಸಿದರು. ಒಂದು ಸೆಟ್ಟಿಗೆ ಆರೇಳು ಸಾವಿರ ಡಾಲರ್ ಇರಬೇಕು. ಮುಂದಿನ ಸಲ ಅದೂ ಎರಡೇ ದಿನದಲ್ಲಿ ಕಟ್ಟಿಕೊಂಡಿತು. ಆಮೇಲೆ ಸರ್ವಿಸ್ ಇಂಜಿನಿಯರ್ ಬಂದ, ಟಿಕೆಟ್ಟು ಸೇರಿ ನಾಲ್ಕೈದು ಸಾವಿರ ಡಾಲರ್. ಸೆನ್ಸರ್ ಒರೆಸಿದ, ಎರಡು ಲ್ಯಾಂಪ್ ಬದಲಿಸಿದ, "ವಾಟರ್ ಕ್ವಾಲಿಟಿ ಪ್ರಾಬ್ಲಮ್" ಅಂತ ಬರೆದು ಸಹಿ ಹಾಕಿಸಿಕೊಂಡು ಹೋದ. ಅದು ನಮಗೆ ಗೊತ್ತಿರಲಿಲ್ವಾ?

ಆಮೇಲೆ ನಾನೇ ಒಂದು ಬುದ್ಧಿವಂತಿಕೆ ಮಾಡಿದೆ. ಕೆಸರು ಕೆಳಗೆ ಜಾಸ್ತಿ, ಹಾಗಾಗಿ ಹಡಗಿನ ಬದಿಯಲ್ಲಿ ಮೇಲಕ್ಕಿರುವ ನೀರೆಳೆಯುವ ಬಾಯಿಯಾದ ಹೈ ಸೀ ಚೆಸ್ಟ್‌ನಿಂದ ಎಳೆಯೋಣ ಅಂತ. ಮೊದಲ ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಹಡಗು ಹಗುರಾಗಿ ಮೇಲೆದ್ದಿತ್ತು, ಕ್ರೇನ್ ತಿರುಗಿದಾಗ ಒಂದು ಬದಿಗೆ ವಾಲಿ ಸಕ್ಷನ್ ಗಾಳಿ ಎಳೆಯಿತು. ತೀನ್ ಸಾಬ್ (ಥರ್ಡ್ ಇಂಜಿನಿಯರ್) ಪಾಪ ಗಮನಿಸುವಷ್ಟರಲ್ಲಿ ಪಂಪಿನ ಮೆಕ್ಯಾನಿಕಲ್ ಸೀಲ್ ಸುಟ್ಟು ಹೋಗಿತ್ತು. ಅವತ್ತು ಬಡಾ ಸಾಬ್ ನನ್ನನ್ನು ಬೈದದ್ದು ಇಲ್ಲಿ ಬರೆಯುವ ಹಾಗಿಲ್ಲ.

ದಾರಿ ಸಿಕ್ಕಿದ್ದು ಜ್ಯಾಮ್ ಬಾಟಲಿಯಿಂದ. ಗ್ಯಾಲಿಯಲ್ಲಿ (ಹಡಗಿನ ಅಡುಗೆಮನೆ) ಖಾಲಿ ಬಿದ್ದಿದ್ದ ಗಾಜಿನ ಬಾಟಲಿ ಹನ್ನೆರಡು ತಂದೆ. ಪಂಪ್ ಹತ್ತಿರದ ಸ್ಯಾಂಪಲ್ ಕಾಕ್‌ನಿಂದ ಅರ್ಧರ್ಧ ಗಂಟೆಗೆ ಒಂದು ಬಾಟಲಿ ನೀರು ಹಿಡಿದು ಕಂಟ್ರೋಲ್ ರೂಮಿನ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದು ಗಂಟೆ ಬಿಟ್ಟು ತಳದ ಕೆಸರನ್ನು ಸ್ಕೇಲಿನಲ್ಲಿ ಅಳೆದೆ. ನೀರು ಜೋರಾಗಿ ಓಡುವಾಗಿನ ಬಾಟಲಿಯಲ್ಲಿ ಕಿರುಬೆರಳಿನಷ್ಟು ಕೆಸರು. ಉಬ್ಬರ ತುಂಬಿ ನೀರು ನಿಂತಾಗಿನ ಬಾಟಲಿಯಲ್ಲಿ ಉಗುರಿನ ದಪ್ಪ, ಅಷ್ಟೇ. ಇಳಿತದ ಕೊನೆಗೆ ನಿಂತಾಗ ನಡುವೆ ಎಲ್ಲೋ. ಅಮಾವಾಸ್ಯೆ ಹುಣ್ಣಿಮೆ ಕಳೆದು ಸಪ್ತಮಿ ಅಷ್ಟಮಿ ಹೊತ್ತಿಗೆ ಸೆಳೆತ ಕಡಿಮೆಯಾಗಿ ಇನ್ನೂ ತಿಳಿ. ಬಲೆ ಬಿಡುವ ನನ್ನ ಮಾವನಿಗೆ ಫೋನಲ್ಲಿ ಹೇಳಿದರೆ "ಇದಕ್ಕೆ ಬಾಟ್ಲಿ ಬೇಕಿತ್ತಾ ಮಾರಾಯ" ಅಂದರು.

ಸರಿ, ಮಷೀನ್ ಜೊತೆ ಗುದ್ದಾಡುವುದು ಬಿಟ್ಟು ನೀರಿಗೆ ಕಾಯುವುದು ಅಂತಾಯಿತು. ಚೀಫ್ ಆಫೀಸರ್‌ಗೆ ಟೈಡ್ ಟೇಬಲ್ ಹಿಡಿದು ಕೂತು ಒಪ್ಪಿಸಲು ಎರಡು ರಾತ್ರಿ ಬೇಕಾಯಿತು. ದಿನಕ್ಕೆ ಎರಡು ಉಬ್ಬರ, ಒಂದೊಂದಕ್ಕೆ ಒಂದೂವರೆ ಗಂಟೆ. ಪೂರ್ತಿ ಎಂಟುನೂರು ಎಳೆಯಬಾರದು, ಐನೂರು ಆರುನೂರು ಸಾಕು. ದಿನಕ್ಕೆ ಸಾವಿರದ ಆರುನೂರರ ಹಾಗೆ ಬಂತು. ಏಳು ದಿನಕ್ಕೆ ಹನ್ನೊಂದು ಸಾವಿರ ಚಿಲ್ಲರೆ. ಉಳಿದದ್ದು ಹೊರಗೆ ನೀಲಿ ನೀರು ಸಿಕ್ಕಿದ ಮೇಲೆ. ಯಾವ ಟ್ಯಾಂಕ್ ಯಾವಾಗ ಅನ್ನುವ ಸ್ಟ್ರೆಸ್ ಲೆಕ್ಕ (ಹಡಗಿನ ಮೈಮೇಲೆ ಬೀಳುವ ಒತ್ತಡದ್ದು) ಚೀಫ್ ಆಫೀಸರನದು, ಅದರಲ್ಲಿ ನಾನು ತಲೆ ಹಾಕಲಿಲ್ಲ.

ಇನ್ನೊಂದು ವಿಷಯ ಬಹಳ ಜನ ಬಿಡುತ್ತಾರೆ. ಡಬಲ್ ಬಾಟಮ್ (ಹಡಗಿನ ತಳದ ಟ್ಯಾಂಕ್) ಖಾಲಿ ಇದ್ದಾಗ ತುಂಬಿದರೆ ಆಚೆ ಕಡೆ ಒತ್ತಡವೇ ಇರುವುದಿಲ್ಲ. ಆಗ ಬ್ಯಾಕ್‌ವಾಶ್‌ಗೆ ಶಕ್ತಿ ಎಲ್ಲಿಂದ ಬರಬೇಕು? ಫಿಲ್ಟರ್ ಔಟ್‌ಲೆಟ್ ವಾಲ್ವ್ ಸ್ವಲ್ಪ ಮುಚ್ಚಿ ಒತ್ತಡವನ್ನು ಎರಡು ಬಾರ್ ಮೇಲೆ ಹಿಡಿದೆ. ಫಿಲ್ಟರ್ ಅಷ್ಟು ಸಲ ಕಟ್ಟಿಕೊಂಡಿದ್ದಕ್ಕೆ ಅರ್ಧ ಕಾರಣ ಇದೇ. ಬ್ಯಾಕ್‌ವಾಶ್ ಟೈಮರ್ ಎಷ್ಟಕ್ಕೆ ಇಟ್ಟೆ, ಬ್ಯಾಕ್‌ವಾಶ್ ಲೈನಿನಲ್ಲಿ ಏನು ಬದಲಿಸಿದೆ ಅನ್ನುವುದನ್ನು ಮಾತ್ರ ಹೇಳಲ್ಲ. ಸುಮ್ನೆ ಕೇಳಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಯುವಿ ಸ್ಲೀವ್ (ಲ್ಯಾಂಪ್ ಸುತ್ತಲಿನ ಗಾಜಿನ ಕೊಳವೆ) ಮೇಲೆ ಕಂದು ಪೊರೆ ಕಟ್ಟುತ್ತದಲ್ಲ, ಅದನ್ನು ತೆಗೆಯುವ ಸಿಐಪಿ (ಬಿಚ್ಚದೆಯೇ ತೊಳೆಯುವ) ಲಿಕ್ವಿಡ್ ಮುಗಿದಿತ್ತು. ಹಿತ್ತಾಳೆ ಪಾತ್ರೆ ಬೆಳಗುತ್ತದೆ, ಇದೂ ಬೆಳಗಲಿ ಅಂತ ಹುಣಸೆಹುಳಿ ಕಿವುಚಿ ಒಂದು ಹಳೇ ಸ್ಲೀವಿಗೆ ಹಚ್ಚಿದೆ. ಪೊರೆ ಹೋಯಿತು, ನಿಜ. ಆದರೆ ಅಂಟು ಉಳಿಯಿತು, ಅದನ್ನು ತೆಗೆಯಲು ಇನ್ನೊಂದು ಗಂಟೆ. ಕೊನೆಗೆ ಸಿಟ್ರಿಕ್ ಆಸಿಡ್ ಪುಡಿ ತರಿಸಿದೆ.

ಫೋಲ್ಡ್‌ಸ್ಕೋಪ್ ಅಂತ ಕಾಗದದ ಮೈಕ್ರೋಸ್ಕೋಪ್ ಇದೆ, ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಫಿಲ್ಟರ್ ಮುಂಚಿನ ನೀರು ನೋಡಿದರೆ ಸೀಗಡಿ ಮರಿ ಹಾಗಿರುವ ಕೊಪೆಪಾಡ್‌ಗಳು ಟಪಟಪ ಹಾರುತ್ತಿದ್ದವು. ಫಿಲ್ಟರ್ ದಾಟಿದ ನೀರಲ್ಲಿ ಒಂದು ಮುರಿದ ಕಾಲು ಸಿಕ್ಕಿತು, ಅಷ್ಟೇ. ಅದನ್ನು ಲ್ಯಾಬ್ ಟೆಸ್ಟ್ ಅನ್ನಲ್ಲ. 50 ಮೈಕ್ರಾನ್ ಮೇಲಿನ ಬದುಕಿರುವ ಜೀವಿಗಳು ಘನ ಮೀಟರಿಗೆ ಹತ್ತಕ್ಕಿಂತ ಕಡಿಮೆ ಇರಬೇಕು ಅಂದರೆ ಒಂದು ಹನಿ ನೋಡಿ ಏನು ಹೇಳೋದು? ಆದರೂ ತೀನ್ ಸಾಬ್ ಅದನ್ನು ನೋಡಿದ ಮೇಲೆ ಲಾಗ್ ಬರೆಯುವಾಗ ಗೊಣಗುವುದು ಬಿಟ್ಟ. ಹಡಗುಗಳ ಜೊತೆ ಬಂದಿರಬಹುದಾದ, 1967ರಲ್ಲಿ ವಿಶಾಖಪಟ್ಟಣದಲ್ಲಿ ಕಂಡ ಅಮೆರಿಕದ ಕಡೆಯ ಕಪ್ಪು ಚಿಪ್ಪು ಈಗ ಕೇರಳದ ಕೊಚ್ಚಿ ಹಿನ್ನೀರಲ್ಲೂ ಮೆತ್ತಿಕೊಂಡಿದೆ. ಇಂಥದ್ದು ಬಂದು ನಮ್ಮ ನೀಲಿಕಲ್ಲಿನ (ನಾವು ತಿನ್ನುವ ಕಡಲ ಚಿಪ್ಪು) ಜಾಗ ಹಿಡಿದರೆ ಊಟಕ್ಕೆ ಏನು ಮಾಡೋದು ಅಂತ ಅವನಿಗೆ ಹೇಳಿದ್ದೆ.

ಎರಡನೇ ವಾಯೇಜ್‌ನಲ್ಲಿ ಆಸ್ಟ್ರೇಲಿಯಾದ ಬಂದರಿನಲ್ಲಿ ಇನ್‌ಸ್ಪೆಕ್ಟರ್ ಡಿಸ್ಚಾರ್ಜ್ ಲೈನಿನಿಂದ ಸ್ಯಾಂಪಲ್ ತೆಗೆದ, ಕಿಟ್‌ನಲ್ಲಿ ನೋಡಿದ, ಏನೂ ಹೇಳದೆ ಸಹಿ ಹಾಕಿದ. ಮೂರನೇ ನಂಬರ್ ಟ್ಯಾಂಕ್ ತೆರೆದರೆ ಮುಂಚೆ ಪಾದ ಮುಳುಗುತ್ತಿದ್ದ ಕಡೆ ಬೆರಳು ದಪ್ಪ ಕೆಸರು. ಖರ್ಚಾದದ್ದು ಜನರೇಟರ್ ಜಾಸ್ತಿ ಓಡಿಸಿದ ಎಣ್ಣೆ, ಸಿಟ್ರಿಕ್ ಆಸಿಡ್, ನನ್ನ ನಿದ್ದೆ. ಎಲಿಮೆಂಟ್ ಹಳೇದೇ.

ಇದು ಉಪ್ಪು ನೀರಿನ ಕಥೆ. ಮುಂದಿನ ಕಾಂಟ್ರ್ಯಾಕ್ಟ್‌ನಲ್ಲಿ ನನಗೆ ಸಿಗುವುದು ಎಲೆಕ್ಟ್ರೋಕ್ಲೋರಿನೇಶನ್ (ಉಪ್ಪು ನೀರಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್ ಮಾಡುವ) ಹಡಗು, ಹೋಗುವುದು ಚೀನಾದ ಯಾಂಗ್‌ಟ್ಸಿ ನದಿ ಒಳಗೆ. ಸಿಹಿನೀರಲ್ಲಿ ಅದು ನಡೆಯದ್ದರಿಂದ ಹಡಗಿನ ಹಿಂಭಾಗದ ಟ್ಯಾಂಕ್ ಆದ ಆಫ್ಟ್ ಪೀಕ್‌ನಲ್ಲಿ ಉಪ್ಪು ನೀರು ಹೊತ್ತುಕೊಂಡು ಹೋಗಿ ಅದನ್ನೇ ಫೀಡ್ ಮಾಡುತ್ತಾರೆ ಅಂತ ಗೊತ್ತು. ಮಾಡಿದವರು ಯಾರಾದರೂ ಇದ್ದರೆ ಆ ನೀರು ಎಷ್ಟು ದಿನಕ್ಕೆ ಸಾಕಾಯಿತು ಹೇಳಿ, ಟೈಮರ್ ವಿಷಯ ಆಮೇಲೆ ಮಾತಾಡೋಣ.