ಒಂದೇ ಬೆರಳು ಹಿಡಿಸುವ ಬಾಯಿ

ಪುತ್ತೂರು ಕಡೆಯ ಅಡಿಕೆ ಕೃಷಿಕರು, 55 ಕಿಲೋ. ಎಡಗೆನ್ನೆಯೊಳಗೆ ಕ್ಯಾನ್ಸರ್ ಹುಣ್ಣು. ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಹೋಗಿ ಬಾಯಿ ತೆರೆಸಿದೆ. ಮೂರು ಬೆರಳು ಹಿಡಿಸಬೇಕಾದಲ್ಲಿ ಒಂದು ತೂರಿತು. ವರ್ಷಗಟ್ಟಲೆ ಅಡಿಕೆ ಜಗಿದು ಕೆನ್ನೆ ನಾರುಗಟ್ಟಿದ ಸಬ್‌ಮ್ಯೂಕಸ್ ಫೈಬ್ರೋಸಿಸ್. ಮಂಗಳೂರಿನಲ್ಲಿ ಅರಿವಳಿಕೆ ಕೊಡುವವರಿಗೆ ಹೊಸತೇನಲ್ಲ. ನೋವಿನಿಂದ ಬಿಗಿದ ಬಾಯಿಯಾದರೆ ಔಷಧಿಗೆ ಸಡಿಲಾದೀತು, ಇದು ಜಪ್ಪಯ್ಯ ಅನ್ನದು. ಹಾಗಾಗಿ ಎಚ್ಚರವಿದ್ದಂತೆಯೇ ಮೂಗಿನಿಂದ ಫೈಬರ್‌ಆಪ್ಟಿಕ್ ಸ್ಕೋಪ್, ಅಂದರೆ ಒಳಗನ್ನು ಪರದೆಯಲ್ಲಿ ತೋರಿಸುವ ಬಳುಕುವ ತೆಳು ಕೊಳವೆ, ಅದರ ಮೇಲೆ ಉಸಿರಾಟದ ಟ್ಯೂಬ್.

ಕಲಿಯುವ ದಿನಗಳಲ್ಲಿ ಒಮ್ಮೆ, ರಕ್ತನಾಳ ಕುಗ್ಗಿಸುವ ಮೂಗಿನ ಹನಿ ಕೆಲಸ ಮಾಡುವ ಮೊದಲೇ ಟ್ಯೂಬ್ ನೂಕಿದ್ದೆ. ರಕ್ತ ಬಂತು, ಪರದೆಯೆಲ್ಲ ಕೆಂಪು, ಕೊನೆಗೆ ಕತ್ತಿನಲ್ಲೇ ದಾರಿ ಮಾಡಬೇಕಾಯಿತು. ಅಂದಿನಿಂದ ಗಡಿಯಾರ ನೋಡಿಯೇ ಕಾಯುತ್ತೇನೆ.

ಮೊದಲು ಗ್ಲೈಕೋಪೈರೋಲೇಟ್ 0.2 ಮಿ.ಗ್ರಾಂ. ಎಂಜಲು ಒಣಗದಿದ್ದರೆ ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಹಿಡಿಯುವುದಿಲ್ಲ. ಕಿಲೋಗೆ 9 ಮಿ.ಗ್ರಾಂ ಮಿತಿ, ಬೋರ್ಡಿನಲ್ಲಿ 495 ಎಂದು ಬರೆದು ಕಳೆಯುತ್ತಾ ಹೋದೆ. ನೆಬ್ಯುಲೈಸರ್‌ಗೆ 160, ಮೂಗಿನ ಜೆಲ್ಲಿಗೆ 100. ಆಮೇಲೆ ಗಂಟಲುಬ್ಬಿನ ಕೆಳಗೆ ಬೆರಳು ಜಾರಿಸಿದರೆ ಸಿಗುವ ಮೆತ್ತನೆಯ ತಗ್ಗಿಗೆ ಸೂಜಿ. ಸಿರಿಂಜಿನಲ್ಲಿ ಗುಳ್ಳೆ ಎದ್ದರೆ ಶ್ವಾಸನಾಳ ಸಿಕ್ಕಿತೆಂದೇ ಅರ್ಥ. 80 ಮಿ.ಗ್ರಾಂ ಒಳಗೆ, ಸೂಜಿ ತಕ್ಷಣ ಹೊರಗೆ. ಜೋರಾಗಿ ಕೆಮ್ಮಿದರು. ಕೆಮ್ಮಲೇಬೇಕು, ಔಷಧಿ ಮೇಲೆ ಕೆಳಗೆ ಹರಡುವುದೇ ಅದರಿಂದ. ಇದನ್ನು ಹಿಂದಿನ ಸಂಜೆಯೇ ಹೇಳಿಟ್ಟಿದ್ದೆ. ಹೇಳದಿದ್ದರೆ ರೋಗಿ ಎದ್ದು ಕೂತುಬಿಡುತ್ತಾರೆ ಮಾರಾಯ್ರೆ.

ಮೂಗಿಗೆ ಆಕ್ಸಿಜನ್, ಡ್ರಿಪ್ಪಿನಲ್ಲಿ ಡೆಕ್ಸ್‌ಮೆಡಿಟೊಮಿಡಿನ್. ಕರೆದರೆ ಕಣ್ಣು ಬಿಡುವಷ್ಟೇ ಮಂಪರು, ಹೆಚ್ಚಲ್ಲ. ಇಎನ್‌ಟಿ ಸರ್ಜನ್ ಗ್ಲೌಸ್ ಹಾಕಿ, ಕತ್ತಿನಲ್ಲಿ ದಾರಿ ಮಾಡುವ ಟ್ರೇಕಿಯಾಸ್ಟಮಿ ಟ್ರೇ ಪಕ್ಕ ನಿಂತಿದ್ದರು. ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ "ಮೆಲ್ಲ ಉಸುಲು ದೆಪ್ಪುಲೆ" (ಮೆಲ್ಲಗೆ ಉಸಿರು ತಗೊಳ್ಳಿ) ಅಂದೆ. ಮಂಪರಿನ ಔಷಧಿಗಿಂತ ಆ ಮಾತೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಂದಾಜು.

ಧ್ವನಿತಂತುಗಳು ಬೆಳ್ಳಗೆ ಕಂಡವು. ಸ್ಕೋಪಿನೊಳಗಿಂದ ಇನ್ನೊಂದು 40 ಸಿಂಪಡಿಸಿ ಕೆಳಗಿಳಿಸಿದೆ. ಬಿಸಿನೀರಲ್ಲಿ ಮೆತ್ತಗಾಗಿಸಿದ 6.5 ಮಿ.ಮೀ. ಟ್ಯೂಬ್ ಅದರ ಮೇಲೆ ಜಾರುತ್ತಾ ಬಂದು ಧ್ವನಿಪೆಟ್ಟಿಗೆಯ ಬಾಗಿಲಲ್ಲೇ ತಡೆಯಿತು. ನೂಕಲಿಲ್ಲ. ಸ್ವಲ್ಪ ಹಿಂದೆಳೆದು, ಗಡಿಯಾರದ ವಿರುದ್ಧ ಕಾಲು ಸುತ್ತು ತಿರುಗಿಸಿ, ಅವರು ಉಸಿರೆಳೆದಾಗ ಇಳಿಸಿದೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್‌ನಲ್ಲಿ ಅಲೆ ಮೂಡಿದ ಮೇಲೆಯೇ ಪೂರ್ತಿ ನಿದ್ದೆಗೆ ಪ್ರೊಪೊಫಾಲ್. ಬೋರ್ಡಿನಲ್ಲಿ 115 ಉಳಿದಿತ್ತು.

ಬಾವು ಇಳಿಯಲೆಂದು ಟ್ಯೂಬನ್ನು ಆ ರಾತ್ರಿ ತೆಗೆಯಲಿಲ್ಲ. ಮರುದಿನ ಐಸಿಯುನಲ್ಲಿ ತೆಗೆಯುವಾಗಲೂ ಅದೇ ಟ್ರೇ, ಅದೇ ಸರ್ಜನ್ ಪಕ್ಕದಲ್ಲಿ.