ಡ್ರಮ್ಸ್ ಟೈಮಿಂಗ್ ಕೊನೆಗೂ ಸರಿಹೋಯಿತು

ರಾಜಾಜಿನಗರದ ನಮ್ಮ ಮನೆ ಮಹಡಿ ರೂಮಲ್ಲಿ 8 ಮೈಕ್ ಇಟ್ಟು ಗೆಳೆಯನ ಡ್ರಮ್ಸ್ ರೆಕಾರ್ಡ್ ಮಾಡಿದ್ದೆ. ಚೆನ್ನಾಗಿಯೇ ನುಡಿಸಿದ್ದ, ಆದರೆ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಕ್ಲಿಕ್‌ಗಿಂತ (ಲಯ ತೋರಿಸಲು ಹೆಡ್‌ಫೋನ್‌ನಲ್ಲಿ ಬರುವ ಟಕ್ ಟಕ್ ಸದ್ದು) ಮುಂದೆ ಓಡುತ್ತಿದ್ದ. ಸರಿ ಅಂತ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಕೋಲಲ್ಲಿ ಬಾರಿಸುವ ಮುಖ್ಯ ಡ್ರಮ್) ಟ್ರ್ಯಾಕ್ ಮಾತ್ರ ಕತ್ತರಿಸಿ ಗ್ರಿಡ್‌ಗೆ, ಅಂದರೆ ಸ್ಕ್ರೀನ್ ಮೇಲಿನ ತಾಳದ ಗೆರೆಗಳಿಗೆ, ಕೂರಿಸಿದೆ. ಎಡವಿದ್ದು ಅಲ್ಲೇ. ಡ್ರಮ್ಸ್ ಮೇಲ್ಗಡೆ ಇಟ್ಟ ಓವರ್‌ಹೆಡ್ ಮೈಕಲ್ಲೂ ಅದೇ ಸ್ನೇರ್ ಇರುತ್ತದಲ್ವಾ, ಅದು ಹಳೇ ಜಾಗದಲ್ಲೇ ಉಳಿದು, ಕೆಲವು ಏಟು ಎರಡೆರಡು ಸಲ ಕೇಳಿಸಿದರೆ ಇನ್ನು ಕೆಲವು ಖಾಲಿ ಡಬ್ಬ ಬಡಿದ ಹಾಗಾದವು.

ಎಲ್ಲ ಅನ್‌ಡೂ ಮಾಡಿದೆ. 8 ಟ್ರ್ಯಾಕನ್ನೂ ಒಂದೇ ಗ್ರೂಪ್‌ಗೆ ಹಾಕಿ, ಏಟು ಶುರುವಾಗುವುದಕ್ಕಿಂತ ಕೂದಲೆಳೆಯಷ್ಟು ಮೊದಲೇ ಒಟ್ಟಿಗೆ ಕತ್ತರಿಸಿ, ಒಟ್ಟಿಗೇ ಸರಿಸಿ, ಸಂದಿಗೆಲ್ಲ 5 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಂಡಿನ ಸದ್ದು ಇಳಿಯುತ್ತ ಮುಂದಿನದು ಏರುವುದು) ಕೊಟ್ಟೆ. ಓವರ್‌ಹೆಡ್‌ನಲ್ಲಿ ಸ್ನೇರ್ ಸುಮಾರು 3 ಮಿಲಿಸೆಕೆಂಡ್ ತಡವಾಗಿ ಕಾಣುತ್ತದೆ. ಅದು ತಪ್ಪಲ್ಲ, ಮೈಕ್ 1 ಮೀಟರ್ ಮೇಲಿದ್ದರೆ ಸದ್ದು ತಲುಪಲು ಅಷ್ಟು ಬೇಕೇ ಬೇಕು, ಸುಮ್ನೆ ಬಿಟ್ಟೆ.

20 ಮಿಲಿಸೆಕೆಂಡ್‌ಗಿಂತ ಜಾಸ್ತಿ ತಪ್ಪಿದ್ದ ಏಟನ್ನು ಮಾತ್ರ ಮುಟ್ಟಿದ್ದು. ಪೂರ್ತಿ ಗ್ರಿಡ್‌ಗೆ ಅಂಟಿಸಿದರೆ ಮೆಷಿನ್ ನುಡಿಸಿದಂತಿರುತ್ತದೆ, ನನಗಂತೂ ಇಷ್ಟವಿಲ್ಲ. ಒಂದು ಕಡೆ ಕ್ರ್ಯಾಶ್‌ನ (ಝಲ್ಲೆನ್ನುವ ಲೋಹದ ತಟ್ಟೆ) ಸದ್ದಿನ ಬಾಲ ತುಂಡಾಗಿತ್ತು, ಅಲ್ಲಿ ಫೇಡ್ ಉದ್ದ ಮಾಡಿದೆ. ಓವರ್‌ಹೆಡ್‌ನಲ್ಲಿ ಸಿಕ್ಕಿಬಿದ್ದಿರುವ ಬಸ್ ಹಾರನ್ ಮಾತ್ರ ಇನ್ನೂ ಹಾಗೇ ಇದೆ, ಅದೂ ಈಗ ತಾಳಕ್ಕೆ ಸರಿಯಾಗಿ!