ಯು ಇಲ್ಲದ ಕ್ಯೂ: ನನ್ನ ಅನುಭವ

ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಐದನೇ ತರಗತಿಯಲ್ಲಿ ಇಂಗ್ಲಿಷ್ ಶುರುವಾದಾಗ ಮೇಷ್ಟ್ರು ಹೇಳಿಕೊಟ್ಟಿದ್ದರು: ಕ್ಯೂ ಬಂದರೆ ಅದರ ಹಿಂದೆಯೇ ಯು ಬರಲೇಬೇಕು. ಕ್ವೀನ್, ಕ್ವಿಕ್, ಕ್ವಶ್ಚನ್. ಈ ನಿಯಮವನ್ನು ನಲವತ್ತು ವರ್ಷ ನಂಬಿಕೊಂಡಿದ್ದೆ.

ಬೆಂಗಳೂರಿನಲ್ಲಿದ್ದಾಗ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿಯ ಜೊತೆ ಭಾನುವಾರ ಸ್ಕ್ರ್ಯಾಬಲ್ ಆಡುತ್ತಿದ್ದೆ, ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ. ಒಂದು ಆಟದ ಕೊನೆಯಲ್ಲಿ ನನ್ನ ಕೈಯಲ್ಲಿ ಉಳಿದದ್ದು ಕ್ಯೂ ಒಂದೇ. ಆಟದಲ್ಲಿರುವ ನಾಲ್ಕೂ ಯು ಬಿಲ್ಲೆಗಳು ಬೋರ್ಡಿನ ಮೇಲೆ ಮುಗಿದಿದ್ದವು. ಪಾಸ್ ಎಂದೆ. ಅವಳು ಕೊನೆಯ ಬಿಲ್ಲೆ ಇಟ್ಟಳು. ಆಗಲೂ ನಾನೇ 6 ಅಂಕ ಮುಂದಿದ್ದೆ. ಆದರೆ ಕೈಯಲ್ಲಿ ಉಳಿದ ಬಿಲ್ಲೆಯ ಬೆಲೆ ನಮ್ಮ ಲೆಕ್ಕದಿಂದ ಕಳೆದು, ಮುಗಿಸಿದವರ ಲೆಕ್ಕಕ್ಕೆ ಸೇರುತ್ತದೆ. ಕ್ಯೂ ಬೆಲೆ 10. ಒಟ್ಟು 14 ಅಂಕದಿಂದ ಸೋತೆ. ಅವಳು ಬೋರ್ಡಿನ ಎಡಮೂಲೆಗೆ ಬೆರಳಿಟ್ಟು, "ಅಂಕಲ್, ಈ ಐ ಎಡಗಡೆ ಖಾಲಿ ಇತ್ತಲ್ಲ, ಕ್ಯೂ ಇಟ್ಟಿದ್ರೆ ಆಗ್ತಿತ್ತು" ಎಂದಳು. ಕ್ಯೂ, ಐ. ಎರಡೇ ಅಕ್ಷರ. ಚೀನೀಯರು ಪ್ರಾಣಶಕ್ತಿಗೆ ಹೇಳುವ ಪದ, ಉಚ್ಚಾರ 'ಚೀ'. ಆಟದಲ್ಲಿ ಒಪ್ಪುವ ಪದಗಳ ಉತ್ತರ ಅಮೆರಿಕದ ಪಟ್ಟಿಗೆ ಅದು ಸೇರಿದ್ದೇ 2006ರಲ್ಲಿ.

ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ತೆಗೆದೆ. ಕ್ಯೂ ಇದ್ದು ಅದರ ಬೆನ್ನಿಗೆ ಯು ಇಲ್ಲದ ಪದಗಳನ್ನು ಅಕ್ಷರಗಳ ಸಂಖ್ಯೆ ನೋಡಿ ಬರೆದುಕೊಂಡೆ: ಎರಡಕ್ಷರದ್ದು ಒಂದು ಪುಟ, ಮೂರಕ್ಷರದ್ದು ಒಂದು ಪುಟ, ಹೀಗೆ. ಅರ್ಥ ಬರೆಯಲಿಲ್ಲ, ಆಟಕ್ಕೆ ಅರ್ಥ ಯಾಕೆ ಎಂದುಕೊಂಡೆ. ಮಗ್ಗಿ ಹೇಳಿದ ಹಾಗೆ ಬಾಯಿಪಾಠ ಮಾಡಿದೆ. ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತುಹೋಗಿತ್ತು. ಐದಕ್ಷರದ ಪುಟವಂತೂ ಪೂರ್ತಿ ಕಲಸಿಹೋಯಿತು.

ಬಿಡಿಸಿಕೊಟ್ಟದ್ದು ಬೀದರ್. ಬ್ಯಾಂಕಿನಲ್ಲಿ ನನಗೆ ಅಲ್ಲಿಗೆ ವರ್ಗವಾಗಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಉರ್ದು ಓದಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ನೋಟ್‌ಬುಕ್ ನೋಡಿದರು. ಒಂದು ಹಳೇ ಚಲನ್ ತಿರುಗಿಸಿ, ಪೆನ್ನಿನಲ್ಲಿ ಒಂದು ಸುತ್ತು ಬಾಲ ಎಳೆದು, ಮೇಲೆ ಎರಡು ಚುಕ್ಕೆ ಇಟ್ಟರು. "ಇದು ಖಾಫ್ ಸರ್. ನಾಲಿಗೆ ಬುಡ ಗಂಟಲಿಗೆ ಹತ್ಬೇಕು" ಅಂದು ಉಚ್ಚರಿಸಿ ತೋರಿಸಿದರು. ನಮ್ಮ ಕ ಅಲ್ಲ, ಖ ಕೂಡ ಅಲ್ಲ, ಇನ್ನೂ ಒಳಗಿನದು. ಅರಬ್ಬಿಯ ಆ ಒಂದು ಅಕ್ಷರಕ್ಕೆ ಇಂಗ್ಲಿಷಿನವರು ಕ್ಯೂ ಹಾಕುತ್ತಾರೆ. ಅದು ಒಂಟಿ ವ್ಯಂಜನ, ಅದರ ಜೊತೆ ವಕಾರದ ದನಿ ಇಲ್ಲ, ಹಾಗಾಗಿ ಯು ಬೇಕಿಲ್ಲ.

ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಊಟ ಮರೆತೇಹೋಯಿತು. ತಾಲ್ಲೂಕು, ಹಕ್ಕು, ನಕಲು, ಇಲಾಖೆ, ಫರಕು, ಕಬೂಲು, ಎಲ್ಲದರಲ್ಲೂ ಮೂಲದಲ್ಲಿ ಇದೇ ಖಾಫ್. ದಿನಾ ಲೆಡ್ಜರಿನಲ್ಲಿ ನಾನು ಬರೆಯುವ 'ಬಾಕಿ'ಯಲ್ಲೂ ಅದೇ! ಕನ್ನಡಕ್ಕೆ ಬರುವಾಗ ಕ ಆಯಿತು, ಖ ಆಯಿತು.

ಆ ಸಂಜೆ ಐದಕ್ಷರದ ಪುಟವನ್ನು ಹೊಸದಾಗಿ ಬರೆದೆ, ಈ ಸಲ ಅರ್ಥದ ಸಮೇತ. ಬುರ್ಕಾ, ಫಕೀರ್, ತಲಾಕ್ ನಮಗೆ ಗೊತ್ತಿರುವವೇ. ನಿಕಾಬ್ ಎಂದರೆ ಮುಖದ ಪರದೆ. ಕಿಬ್ಲಾ ಎಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು. ನಾಲ್ಕಕ್ಷರದ ಪುಟದಲ್ಲಿ ಖಾಜಿ, ವಕ್ಫ್ ಸಿಕ್ಕವು. ಮೂರಕ್ಷರದಲ್ಲಿ ಕಾತ್, ಯೆಮನ್‌ನಲ್ಲಿ ಜನ ಅಗಿಯುವ ಎಲೆ. ಈ ಗುಂಪಿಗೆ ಸೇರದೆ ಉಳಿದವು ಕೆಲವೇ. ಟ್ರ್ಯಾಂಕ್ ಇಂಗ್ಲಿಷಿನದೇ ಮೊಟಕು, ನೆಮ್ಮದಿ ಬರಿಸುವ ಮಾತ್ರೆಗೆ ಹೇಳುವುದು. ಕೋಫ್ ಹೀಬ್ರೂ ಲಿಪಿಯ ಅಕ್ಷರ.

ಐದಕ್ಷರದ 'ಕನಾತ್' ಮಾತ್ರ ಹೊಸದಾಗಿತ್ತು. ನೆಲದಡಿಯ ನೀರಿನ ಸುರಂಗ ಎಂದು ನಿಘಂಟು ಹೇಳಿತು. ಸಹೋದ್ಯೋಗಿ ನಕ್ಕು, ಭಾನುವಾರ ಸ್ಕೂಟರಿನಲ್ಲಿ ನೌಬಾದಿಗೆ ಕರೆದುಕೊಂಡು ಹೋದರು. ಅಲ್ಲಿಯದು ಬಹಮನಿಗಳ ಕಾಲದ ಕರೇಜ್. ಪರ್ಷಿಯನ್ನರ ಕರೇಜ್, ಅರಬ್ಬರ ಕನಾತ್, ಎರಡೂ ಒಂದೇ ವಿದ್ಯೆ. ಜಂಬಿಟ್ಟಿಗೆಯ ನೆಲ ಕೊರೆದು, ಅಂತರ್ಜಲವನ್ನು ಇಳಿಜಾರಿನ ಸುರಂಗದಲ್ಲಿ ಹರಿಸಿದ್ದಾರೆ. ಮೇಲೆ ಸಾಲಾಗಿ ಬಾವಿಗಳು. ಅಗೆಯುವಾಗ ಮಣ್ಣೆತ್ತಲು, ಆಮೇಲೆ ಗಾಳಿಗೆ, ನೀರು ಸೇದುವುದಕ್ಕೆ. ಒಂದು ಬಾವಿಯ ಕಟ್ಟೆಗೆ ಒರಗಿ ಬಗ್ಗಿ ನೋಡಿದೆ. ಕೆಳಗಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು. ಆಮೇಲೆ ಆ ಪದ ಎಂದೂ ಮರೆಯಲಿಲ್ಲ.

ಈಗ ನನ್ನ ಅಭ್ಯಾಸ ಹೀಗೆ. ಪದದ ಅಕ್ಷರಗಳನ್ನು ಎಯಿಂದ ಜಡ್‌ವರೆಗಿನ ಕ್ರಮದಲ್ಲಿ ಜೋಡಿಸಿ ಚೀಟಿಯ ಒಂದು ಬದಿಗೆ ಬರೆಯುತ್ತೇನೆ. ನಿಕಾಬ್ ಆದರೆ ಎ, ಬಿ, ಐ, ಎನ್, ಕ್ಯೂ. ಹಿಂಬದಿಗೆ ಪದ, ಕೆಳಗೆ ಕನ್ನಡದಲ್ಲಿ ಒಂದು ಸಾಲು ಅರ್ಥ. ಆಟದಲ್ಲಿ ಬಿಲ್ಲೆಗಳು ಪದವಾಗಿ ಕೈಗೆ ಬರುವುದಿಲ್ಲ, ಕಲಸಿ ಬರುತ್ತವೆ. ಅವನ್ನು ಇದೇ ಕ್ರಮಕ್ಕೆ ಜೋಡಿಸಿದರೆ ಚೀಟಿ ಕಣ್ಣಮುಂದೆ ಬರುತ್ತದೆ. ದಿನಕ್ಕೆ ಹತ್ತು ಚೀಟಿ ಸಾಕು, ಹೆಚ್ಚು ಬೇಡ.

ಕಾಗುಣಿತದ ವಿಷಯದಲ್ಲಿ ಎಚ್ಚರ ಬೇಕು. ಫಕೀರ, ಬುರ್ಕಾ ಎರಡನ್ನೂ ಇಂಗ್ಲಿಷಿನಲ್ಲಿ ಕ್ಯೂ ಹಾಕಿಯೂ ಬರೆಯುತ್ತಾರೆ, ಕೆ ಹಾಕಿಯೂ ಬರೆಯುತ್ತಾರೆ, ಪಟ್ಟಿಯಲ್ಲಿ ಎರಡೂ ಇವೆ. ನಮ್ಮ ತಾಲ್ಲೂಕು ಕೂಡ ಪಟ್ಟಿಯಲ್ಲಿದೆ, ಆದರೆ ಕೆ ಹಾಕಿ ಮಾತ್ರ. ಕತಾರ್, ಇರಾಕ್ ದೇಶದ ಹೆಸರುಗಳು, ನಡೆಯುವುದಿಲ್ಲ.

ರಜೆಗೆ ಬೆಂಗಳೂರಿಗೆ ಹೋದಾಗ ಅದೇ ಹುಡುಗಿಯ ಜೊತೆ ಕೂತೆ. ಅವಳು 'ತಾಲ' ಇಟ್ಟಳು, ನಮ್ಮ ಸಂಗೀತದ ತಾಳ, ಟಿ ಎ ಎಲ್ ಎ. ನನ್ನ ಕ್ಯೂವನ್ನು ಅದರ ಕೊನೆಗೆ ಇಟ್ಟೆ: ತಲಾಕ್. ಒಂದೇ ಬಿಲ್ಲೆಗೆ 14 ಅಂಕ. ಅವಳು ಚಪ್ಪಾಳೆ ತಟ್ಟಿ, "ಅಂಕಲ್, ಆ ಚೀಟಿ ಡಬ್ಬಿ ನಂಗೂ ತೋರ್ಸಿ" ಎಂದಳು.

ತೋರಿಸಿದೆ. ಮೇಲಿನ ಚೀಟಿ ಕವ್ವಾಲಿಯದು: ಎ, ಎ, ಐ, ಎಲ್, ಕ್ಯೂ, ಡಬ್ಲ್ಯೂ, ಡಬ್ಲ್ಯೂ. ಏಳೂ ಬಿಲ್ಲೆ ಒಂದೇ ಸಲ ಇಟ್ಟರೆ 50 ಅಂಕ ಹೆಚ್ಚುವರಿ. ಆದರೆ ಇಡೀ ಆಟದಲ್ಲಿ ಡಬ್ಲ್ಯೂ ಇರುವುದೇ ಎರಡು, ಎರಡೂ ಒಬ್ಬರ ಕೈಗೇ ಬರುವುದು ಅಪರೂಪ. ನನಗಿನ್ನೂ ಬಂದಿಲ್ಲ. ಆ ಚೀಟಿಯನ್ನು ಅವಳು ತನ್ನ ಕೈಬರಹದಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡಳು.